ಅಂಗವಿಕಲರೂ ಉದ್ಯೋಗವೂ

ನಮ್ಮ ಸೀಮೆಯು ದಾನಕ್ಕೆ ಹೆಸರಾದದ್ದು. ಉಡುಪಿಯ ಅಷ್ಟಮಠಗಳ ಪರ್ಯಾಯವು ಎರಡು ವರ್ಷಕ್ಕೊಮ್ಮೆ ಕೈ ಬದಲಾದರೂ ಶ್ರೀಕೃಷ್ಣನ ಸನ್ನಿಧಿಯ ಅನ್ನದಾನವು ನಿಲ್ಲುವುದಿಲ್ಲ. ಕಾರ್ಕಳದ ಬಸದಿಗಳ ಪರಂಪರೆಯಾದರೋ ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಗಳನ್ನು ಕೊಂಡಾಡಿದೆ. ಇಂತಹ ನಾಡಿನಲ್ಲಿ ಕುರುಡನ ಕೈಗೆ ಕಾಸು ಹಾಕದೆ ಮುಂದೆ ಹೋಗುವವರು ವಿರಳ. ಆದರೆ ಅದೇ ಕೈಗೆ ಒಂದು ಕೆಲಸವನ್ನು ಕೊಟ್ಟು, ತಿಂಗಳ ಕೊನೆಗೆ ಸಂಬಳವನ್ನು ಎಣಿಸಿ ಕೊಟ್ಟವರು ಎಷ್ಟು ಮಂದಿ? ಈ ಪ್ರಶ್ನೆಯನ್ನು ವಾಚಕರ ಮುಂದಿಡುವುದೇ ನಮ್ಮ ಉದ್ದೇಶ.

ಮೊದಲು ಹೆಸರಿನ ವಿಚಾರ. ಸರಕಾರದ ಕಾಗದಪತ್ರಗಳಲ್ಲಿ ಈಗ ‘ವಿಕಲಚೇತನ’ ಎಂಬ ಶಬ್ದವು ರೂಢವಾಗಿದೆ. ಗೌರವದಿಂದ ಕರೆಯಬೇಕೆಂಬ ಸದುದ್ದೇಶವು ಅದರ ಹಿಂದಿರುವುದು ನಿಜ. ಆದರೂ ಸಮಾಸವನ್ನು ಬಿಡಿಸಿ ನೋಡಿದರೆ ಚೇತನವೇ ವಿಕಲವಾದವನೆಂಬ ಅರ್ಥವು ಹೊರಡುತ್ತದೆ. ಕಣ್ಣಿಲ್ಲದವನಿಗೆ ಕೊರತೆಯಾದದ್ದು ಕಣ್ಣು. ಅವನ ಚೇತನಕ್ಕೇನೂ ಕೊರತೆಯಿಲ್ಲ. ಆದುದರಿಂದ ನಾವು ‘ಅಂಗವಿಕಲ’ ಎಂಬ ಹಳೆಯ ಮಾತನ್ನೇ ಬಳಸುತ್ತೇವೆ. ಮನಸ್ಸನ್ನೂ ಒಂದು ಇಂದ್ರಿಯವೆಂದು ನಮ್ಮ ಶಾಸ್ತ್ರಕಾರರು ಎಣಿಸಿರುವುದರಿಂದ, ಬುದ್ಧಿಯ ಬೆಳವಣಿಗೆ ಕುಂಠಿತವಾದವರೂ ಅದರೊಳಗೆ ಬರುತ್ತಾರೆ.

2011ರ ಜನಗಣತಿಯಂತೆ ಭಾರತದಲ್ಲಿ ಅಂಗವಿಕಲರ ಸಂಖ್ಯೆ ಸುಮಾರು 2 ಕೋಟಿ 68 ಲಕ್ಷ. ಕರ್ನಾಟಕದಲ್ಲಿ 13 ಲಕ್ಷಕ್ಕೂ ಮೇಲು. ದೇಶದ ಈ ಲೆಕ್ಕದಲ್ಲಿ ಯಾವುದಾದರೊಂದು ದುಡಿಮೆಯಲ್ಲಿದ್ದವರು ನೂರಕ್ಕೆ 36ರಷ್ಟು ಮಾತ್ರ. ಉಳಿದವರಲ್ಲಿ ಮಕ್ಕಳೂ ವೃದ್ಧರೂ ಇರುವರೆಂಬುದು ಸರಿ; ಆದರೆ ದುಡಿಯುವ ಪ್ರಾಯದಲ್ಲಿದ್ದು ಜಗಲಿಯ ಮೂಲೆಯಲ್ಲಿ ದಿನ ಕಳೆಯುವವರೂ ಅಸಂಖ್ಯಾತರು.

ಕಲಿಸುವವರಿದ್ದರೆ ಏನಾಗಬಹುದೆಂಬುದಕ್ಕೆ ಗದಗವೇ ಸಾಕ್ಷಿ. ಪಂಚಾಕ್ಷರ ಗವಾಯಿಗಳು (1892–1944) ಅಂಧರಾಗಿದ್ದೂ ಅಲ್ಲಿಯ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರನ್ನು ಕೂಡಿಸಿಕೊಂಡು ಸಂಗೀತವನ್ನು ಕಲಿಸಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ದೃಷ್ಟಿಹೀನರೇ. 2010ರಲ್ಲಿ ಅವರಿಗೆ ಪದ್ಮಭೂಷಣವು ಸಂದಿತು. ಆ ಆಶ್ರಮದಲ್ಲಿ ಕಲಿತವರು ಗಾಯಕರಾಗಿ, ವಾದಕರಾಗಿ, ಸಂಗೀತದ ಉಪಾಧ್ಯಾಯರಾಗಿ ತಮ್ಮ ಅನ್ನವನ್ನು ತಾವೇ ಸಂಪಾದಿಸಿದರು. ಅಲ್ಲಿ ಗುರುವು ಮೊದಲು ವಿಚಾರಿಸಿದ್ದು ಶಿಷ್ಯನಲ್ಲಿ ಏನುಂಟೆಂಬುದನ್ನು.

ಉದ್ಯೋಗ ಕೊಡುವವರು ವಿಚಾರಿಸಬೇಕಾದುದೂ ಅದನ್ನೇ. ಒಂದು ಕೆಲಸವೆಂಬುದು ಹತ್ತಾರು ಸಣ್ಣ ಕ್ರಿಯೆಗಳ ಮೊತ್ತ. ಅದನ್ನು ಬಿಡಿಬಿಡಿಯಾಗಿ ನೋಡಿ, ಯಾರಿಂದ ಯಾವುದು ಆದೀತೆಂದು ತೂಗಿ, ಬೇಕಾದ ಉಪಕರಣವನ್ನು ಒದಗಿಸುವ ವಿದ್ಯೆಯೊಂದುಂಟು. ಇದನ್ನು ಮಣಿಪಾಲದ ವಿಶ್ವವಿದ್ಯಾಲಯದಲ್ಲಿ ಆಕ್ಯುಪೇಶನಲ್ ಥೆರಪಿ ಎಂಬ ಹೆಸರಿನಿಂದ ಕಲಿಸುತ್ತಾರೆ. ಇದೇ ದೃಷ್ಟಿಯಿಂದ ನಮ್ಮ ಸುತ್ತಣ ಕಸುಬುಗಳನ್ನು ನೋಡೋಣ. ಕಾಪು ತಾಲೂಕಿನ ಶಂಕರಪುರದ ಮಲ್ಲಿಗೆಯನ್ನು ಬಾಳೆಯ ನಾರಿನಿಂದ ಕಟ್ಟುವುದು ಕುಳಿತು ಮಾಡುವ ಕೆಲಸ. ಕಾಲಿಲ್ಲದಿದ್ದರೂ ಬೆರಳು ಚುರುಕಾಗಿದ್ದರೆ ಸಾಕು. ಕಾರ್ಕಳದ ಕಡೆಯ ಗೇರುಬೀಜದ ಕಾರ್ಖಾನೆಗಳಲ್ಲಿ ಸಿಪ್ಪೆ ಸುಲಿದು ತಿರುಳನ್ನು ವಿಂಗಡಿಸುವ ಕೆಲಸಕ್ಕೆ ಕಣ್ಣು ಬೇಕು, ಕಿವಿ ಬೇಕಾಗಿಲ್ಲ. ಬುದ್ಧಿಯ ಬೆಳವಣಿಗೆ ನಿಧಾನವಾದ ಮಕ್ಕಳಿಗೆ ಒಂದೇ ಕ್ರಮದ ಕೆಲಸವನ್ನು ತಾಳ್ಮೆಯಿಂದ ಕಲಿಸಿದರೆ ಅವರಲ್ಲಿ ಅನೇಕರು ಅದನ್ನು ಬೇಸರವಿಲ್ಲದೆ ಮಾಡುತ್ತಾರೆ. ಶಿರ್ವದ ಸಮೀಪದ ಪಾಂಬೂರಿನ ‘ಮಾನಸ’ದಂತಹ ಸಂಸ್ಥೆಗಳು ಇಂತಹ ಮಕ್ಕಳ ಶಿಕ್ಷಣಕ್ಕಾಗಿ ನಡೆಯುತ್ತಿವೆ.

ಹೀಗೆಂದ ಮಾತ್ರಕ್ಕೆ ಅಂಗವಿಕಲರೆಲ್ಲರಿಗೂ ಹೂ ಕಟ್ಟುವ ಕೆಲಸವೇ ಸಾಕೆಂದು ತಿಳಿಯಬಾರದು. ಓದಿದವನಿಗೆ ಓದಿಗೆ ತಕ್ಕ ಹುದ್ದೆಯು ಸಲ್ಲಬೇಕು. ಗಣಕಯಂತ್ರದ ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಸಾಧನಗಳು ಈಗ ಕನ್ನಡಕ್ಕೂ ಒದಗಿವೆ. ಅವುಗಳ ನೆರವಿನಿಂದ ಅಂಧನಾದ ಪದವೀಧರನು ಬ್ಯಾಂಕಿನಲ್ಲಿಯೂ ಕಚೇರಿಯಲ್ಲಿಯೂ ಲೆಕ್ಕಪತ್ರಗಳನ್ನು ನೋಡಬಲ್ಲನು.

ಕಾನೂನಿನ ಬೆಂಬಲವೂ ಇಲ್ಲದಿಲ್ಲ. 2016ರಲ್ಲಿ ಅಂಗೀಕೃತವಾಗಿ 2017ರ ಏಪ್ರಿಲ್ 19ರಿಂದ ಜಾರಿಗೆ ಬಂದ ಅಧಿನಿಯಮವು, 1995ರ ಕಾನೂನಿನಲ್ಲಿದ್ದ 7 ಬಗೆಯ ವೈಕಲ್ಯಗಳನ್ನು 21ಕ್ಕೆ ಏರಿಸಿತು. ಸರಕಾರಿ ಹುದ್ದೆಗಳಲ್ಲಿ ನೂರಕ್ಕೆ 3ರಷ್ಟಿದ್ದ ಮೀಸಲನ್ನು ಕನಿಷ್ಠ 4ಕ್ಕೆ ಹೆಚ್ಚಿಸಿತು. ಈ ಮೀಸಲಿಗೆ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವುದೆಂಬ ಪ್ರಮಾಣಪತ್ರವು ಬೇಕು. ಸರಕಾರಿ ಸೇವೆಯಲ್ಲಿದ್ದಾಗ ಅಂಗ ಊನವಾದ ನೌಕರನನ್ನು ತೆಗೆದುಹಾಕುವಂತಿಲ್ಲ. ಆ ಕೆಲಸವು ಅಸಾಧ್ಯವಾದರೆ ಅದೇ ವೇತನದ ಬೇರೆ ಹುದ್ದೆಯನ್ನು ಕೊಡಬೇಕು. ನಮ್ಮ ರಾಜ್ಯದ ಗ್ರಾಮ ಪಂಚಾಯತುಗಳಲ್ಲಿ ಪುನರ್ವಸತಿ ಕಾರ್ಯಕರ್ತರೆಂದು ಅಂಗವಿಕಲರನ್ನೇ ನೇಮಿಸುವ ಪದ್ಧತಿಯುಂಟು. ಗುರುತಿನ ಚೀಟಿ, ಸರಕಾರದ ಯೋಜನೆಗಳು ಇವುಗಳ ವಿಷಯವನ್ನು ಅವರಲ್ಲಿ ಕೇಳಿ ತಿಳಿಯಬಹುದು.

ಆದರೆ ಕಾನೂನು ಮನೆಯ ಬಾಗಿಲವರೆಗೆ ಬರಬಲ್ಲುದೇ ಹೊರತು ಒಳಗೆ ಬರಲಾರದು. ಅಂಗವಿಕಲ ಮಗುವನ್ನು ನೆಂಟರ ಕಣ್ಣಿಗೆ ಬೀಳದಂತೆ ಒಳಗಿಡುವ ಮನೆಗಳು ಇನ್ನೂ ಇವೆ. ಅತಿಯಾದ ಪ್ರೀತಿಯಿಂದ ಕುಡಿಯುವ ನೀರನ್ನೂ ತಾವೇ ಎತ್ತಿಕೊಟ್ಟು ಮಕ್ಕಳನ್ನು ಪರಾವಲಂಬಿಗಳನ್ನಾಗಿ ಮಾಡುವ ತಾಯಂದಿರೂ ಇದ್ದಾರೆ. ಉಪಾಧ್ಯಾಯರಾಗಿದ್ದ ನಾವು ಕಂಡದ್ದಿಷ್ಟು: ಮನೆಯಲ್ಲಿ ಒಂದು ಸಣ್ಣ ಜವಾಬ್ದಾರಿಯನ್ನು ಹೊತ್ತ ಮಗುವು ಶಾಲೆಯಲ್ಲಿಯೂ ತಲೆಯೆತ್ತಿ ಕೂರುತ್ತದೆ. ತಂದೆತಾಯಿಗಳ ಕಾಲಾನಂತರ ಈ ಮಗುವಿನ ಗತಿಯೇನೆಂಬ ಚಿಂತೆಗೆ ಕೂಡಿಟ್ಟ ಹಣಕ್ಕಿಂತ ಕಲಿಸಿಟ್ಟ ಕಸುಬು ಹೆಚ್ಚಿನ ಸಮಾಧಾನವನ್ನು ಕೊಡುವುದು.

1925ರಲ್ಲಿ ಉಡುಪಿಯಲ್ಲಿ ಹುಟ್ಟಿ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿಹೋದ ಸಿಂಡಿಕೇಟ್ ಬ್ಯಾಂಕನ್ನು ಹಿರಿಯರು ಮರೆತಿರಲಾರರು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿ, ಬಡವರ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸಿತು. ಎರಡಾಣೆಯವನನ್ನೂ ಲೆಕ್ಕಕ್ಕೆ ಹಿಡಿದುದರಿಂದಲೇ ಅದು ಬೆಳೆಯಿತು. ಅಂಗವಿಕಲರ ಶಕ್ತಿಯನ್ನು ಲೆಕ್ಕಕ್ಕೆ ಹಿಡಿಯಲು ನಮಗೆ ಅಡ್ಡಿಯೇನು?

ಅಂಗಡಿ, ಹೋಟೆಲು, ಮುದ್ರಣಾಲಯಗಳನ್ನು ನಡೆಸುವ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ಮುಂದಿನ ಸಾರಿ ಆಳು ಬೇಕಾದಾಗ ಊರಿನ ಒಬ್ಬ ಅಂಗವಿಕಲನನ್ನು ಕರೆದು ಮಾತನಾಡಿಸಿರಿ. ಬಾಗಿಲಿನ ಮೂರು ಮೆಟ್ಟಿಲುಗಳ ಪಕ್ಕದಲ್ಲಿ ಒಂದು ಇಳಿಜಾರು ಕಟ್ಟಿಸಿರಿ. ಮೂರು ತಿಂಗಳು ಪರೀಕ್ಷಿಸಿ ನೋಡಿರಿ. ಉಳಿದವರಿಂದ ಅಪೇಕ್ಷಿಸುವಷ್ಟೇ ಕೆಲಸವನ್ನು ಅಪೇಕ್ಷಿಸಿರಿ, ಉಳಿದವರಿಗೆ ಕೊಡುವಷ್ಟೇ ಸಂಬಳವನ್ನು ಕೊಡಿರಿ. ಸಂಬಳ ತಂದವನು ಮನೆಯಲ್ಲಿ ಮಾತನಾಡುವ ಧ್ವನಿಯೇ ಬೇರೆ. ಆ ಧ್ವನಿಯು ನಮ್ಮ ನೆರೆಹೊರೆಯ ಮನೆಗಳಲ್ಲಿ ಕೇಳಿಬರಲೆಂದು ಹಾರೈಸುತ್ತೇವೆ.