ಕಂಪ್ಯೂಟರನ್ನೇ ಕೇಳಿ, ಅದೇ ಹೇಳುತ್ತದೆ



"ನಿಮ್ಮ ವಿಂಡೋಸ್ ಅವಧಿ ಮುಗಿದಿದೆ, ಕೂಡಲೇ ಹಣ ಕಟ್ಟಿ" ಎಂದು ಯಾರಾದರೂ ಫೋನ್ ಮಾಡಿದರೆ ಏನು ಮಾಡುತ್ತೀರಿ? ಮಕ್ಕಳು ದೂರದ ಊರಿನಲ್ಲಿದ್ದರೆ ಗಾಬರಿಯಾಗುವುದು ಸಹಜ. ಆದರೆ ನಿಜ ತಿಳಿಯಲು ಅರ್ಧ ನಿಮಿಷ ಸಾಕು.

ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿಯನ್ನು ಒತ್ತಿ ಹಿಡಿದು 'ಆರ್' ಒತ್ತಿ. ತೆರೆದ ಪುಟ್ಟ ಪೆಟ್ಟಿಗೆಯಲ್ಲಿ ಸಿ, ಎಂ, ಡಿ ಎಂಬ ಮೂರು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಪರದೆ ಬರುತ್ತದೆ, ಹೆದರಬೇಡಿ. ಅದೇ ಕಮಾಂಡ್ ಪ್ರಾಂಪ್ಟ್. ಅಲ್ಲಿ ವಿ, ಇ, ಆರ್ ಎಂದು ಬರೆದು ಎಂಟರ್ ಒತ್ತಿ. ಆವೃತ್ತಿಯ ಸಂಖ್ಯೆ ಕಾಣಿಸುತ್ತದೆ. ಈ ಆಜ್ಞೆ ಮಾಹಿತಿ ತೋರಿಸುತ್ತದೆ ಅಷ್ಟೇ, ಯಾವುದನ್ನೂ ಬದಲಿಸುವುದಿಲ್ಲ.

ಸಂಖ್ಯೆ 6.1 ಎಂದು ಶುರುವಾದರೆ ಅದು ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿ 14ಕ್ಕೇ ನಿಂತಿತು. 10.0 ಎಂದಿದ್ದರೆ ಸ್ವಲ್ಪ ಎಚ್ಚರ! ವಿಂಡೋಸ್ 11 ಕೂಡ ತನ್ನನ್ನು 10.0 ಎಂದೇ ಹೇಳಿಕೊಳ್ಳುತ್ತದೆ. ಹಾಗಾಗಿ ಅದರ ಮುಂದಿನ ಸಂಖ್ಯೆ ನೋಡಿ. ಮನೆಯ ಕಂಪ್ಯೂಟರಿನಲ್ಲಿ ಅದು 22000 ಅಥವಾ ಹೆಚ್ಚಿದ್ದರೆ ವಿಂಡೋಸ್ 11, ಕಡಿಮೆಯಿದ್ದರೆ ವಿಂಡೋಸ್ 10. ಉದಾಹರಣೆಗೆ, 19045 ಎಂಬುದು ವಿಂಡೋಸ್ 10ರ ಕೊನೆಯ ಆವೃತ್ತಿ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದರೆ ಯಂತ್ರ ಕೆಟ್ಟು ನಿಲ್ಲುವುದಿಲ್ಲ. ಆದರೆ ಹೆಚ್ಚುವರಿ ಭದ್ರತಾ ಯೋಜನೆಗೆ ಸೇರದ ಕಂಪ್ಯೂಟರುಗಳಿಗೆ ಹೊಸ ಭದ್ರತಾ ತಿದ್ದುಪಡಿಗಳು ಬರುವುದಿಲ್ಲ. ಬಾಗಿಲಿದೆ, ಬೀಗ ಹಳೆಯದು ಎಂದಂತೆ. ಅಂಥದ್ದರಲ್ಲಿ ಬ್ಯಾಂಕ್ ವ್ಯವಹಾರ ಬೇಡ.

ಮ್ಯಾಕ್ ಇದ್ದವರು ಟರ್ಮಿನಲ್ ತೆರೆದು ಎಸ್, ಡಬ್ಲ್ಯು, ಅಂಡರ್‌ಸ್ಕೋರ್, ವಿ, ಇ, ಆರ್, ಎಸ್ ಎಂದು ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಿರಿ.

ಕೊನೆಯದಾಗಿ ಒಂದು ಮಾತು. ಇದೇ ಕಪ್ಪು ಪರದೆಯನ್ನು ತೆರೆಸಿ, ಅದರಲ್ಲಿ ಕಾಣುವ ಸಾಲುಗಳನ್ನೇ ವೈರಸ್ ಎಂದು ಹೆದರಿಸುವ ವಂಚಕರೂ ಇದ್ದಾರೆ. ನೀವಾಗಿ ನೋಡಿಕೊಳ್ಳಿ, ಆದರೆ ಅಪರಿಚಿತರು ಫೋನಿನಲ್ಲಿ ಹೇಳಿಕೊಟ್ಟದ್ದನ್ನು ಮಾತ್ರ ಟೈಪ್ ಮಾಡಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮುಂಬಯಿಯಿರಲಿ, ದೆಹಲಿಯಿರಲಿ, ಸಂಖ್ಯೆ ಒಂದೇ.

ಮತ್ತೆ ಸಿಗೋಣ. ಕೇಳುತ್ತಿರಿ!