ಆ ಶೇಕಡಾ ಮೂರನ್ನು ಎಷ್ಟು ನಂಬಬಹುದು?

45/5. ಆನ್‌ಲೈನ್ ಪೋಕರ್ ಟೇಬಲಿನಲ್ಲಿ ಒಬ್ಬನ ಹೆಸರಿನ ಪಕ್ಕ ಈ ಎರಡು ಅಂಕಿ ಕಂಡರೆ ಪಳಗಿದವರಿಗೆ ಒಳಗೊಳಗೇ ಖುಷಿ. ಮೊದಲನೆಯದು ವಿಪಿಐಪಿ: ನೂರು ಹ್ಯಾಂಡ್‌ಗಳಲ್ಲಿ ಎಷ್ಟು ಸಲ ಈತ ತಾನಾಗಿ ದುಡ್ಡು ಹಾಕಿ ಆಟಕ್ಕಿಳಿದ. ಎರಡನೆಯದು ಪಿಎಫ್‌ಆರ್: ಮೇಜಿನ ಮೇಲೆ ಎಲೆ ಬೀಳುವ ಮೊದಲೇ ಎಷ್ಟು ಸಲ ರೇಸ್ ಮಾಡಿದ. ಅಂದರೆ, ಸಿಕ್ಕಸಿಕ್ಕ ಎಲೆ ಹಿಡಿದು ಒಳಗೆ ಬರುತ್ತಾನೆ, ಪಣ ಏರಿಸುವುದು ಮಾತ್ರ ಅಪರೂಪ. ಅಂಥವನು ಏರಿಸಿದನೆಂದರೆ ಕೈಯಲ್ಲಿ ಏನೋ ಇದೆ. ಪೋಕರ್‌ಟ್ರ್ಯಾಕರ್, ಹೋಲ್ಡೆಮ್ ಮ್ಯಾನೇಜರ್‌ನಂಥ ತಂತ್ರಾಂಶಗಳು ಆಡಿದ ಹ್ಯಾಂಡ್‌ಗಳನ್ನೆಲ್ಲ ದಾಖಲಿಸಿಕೊಂಡು ಈ ಲೆಕ್ಕವನ್ನು ಪರದೆಯ ಮೇಲೇ ತೋರಿಸುತ್ತವೆ. ಕೆಲವು ತಾಣಗಳು ಇವನ್ನು ಬಳಸಗೊಡುವುದಿಲ್ಲ. ಹೊಸಬರ ಜೇಬು ಬೇಗ ಬರಿದಾದರೆ ಅವಕ್ಕೂ ನಷ್ಟವೇ ತಾನೆ!

ಶೇಕಡಾವಾರು ಲೆಕ್ಕದಿಂದ ಕೈಯಲ್ಲಿರುವ ಎಲೆ ಊಹಿಸುವುದೇ ಇದರ ಸೊಗಸು. ಹೋಲ್ಡೆಮ್ ಆಟದಲ್ಲಿ ಒಬ್ಬೊಬ್ಬರಿಗೆ ಗುಟ್ಟಾಗಿ ಸಿಗುವುದು ಎರಡೇ ಎಲೆ. 52ರಲ್ಲಿ ಎರಡನ್ನು ಆರಿಸಲು 1,326 ಬಗೆ. ಒಬ್ಬ ರೇಸ್ ಮಾಡಿದ ಮೇಲೆ ಇನ್ನೊಬ್ಬ ಮತ್ತೆ ಏರಿಸಿದರೆ ಅದು ಥ್ರೀ-ಬೆಟ್. ಒಬ್ಬನ ಥ್ರೀ-ಬೆಟ್ ಶೇ 3 ಎಂದಿದ್ದರೆ ಅವನು ಹಾಗೆ ಏರಿಸುವುದು ಸುಮಾರು 40 ಬಗೆಯ ಜೋಡಿಗಳಿಗೆ ಮಾತ್ರ. ಜೋಡಿ ಎಕ್ಕ, ಜೋಡಿ ರಾಜ, ಜೋಡಿ ರಾಣಿ ತಲಾ 6 ಬಗೆಯಂತೆ 18, ಎಕ್ಕ-ರಾಜ 16. ಅಲ್ಲಿಗೇ 34 ಮುಗಿಯಿತು. ಇವುಗಳ ಎದುರು ನಿಮ್ಮ ಜೋಡಿ ಗುಲಾಮ ಸೋಲುವ ಸಂಭವವೇ ಹೆಚ್ಚು.

ಆದರೆ ಆ 3 ಎಲ್ಲಿಂದ ಬಂತು? ಅವನ ಜೊತೆ 300 ಹ್ಯಾಂಡ್ ಆಡಿದ್ದೀರಿ, ಮರು-ಏರಿಕೆಗೆ ಅವನಿಗೆ ಸಂದರ್ಭ ಒದಗಿದ್ದು ನೂರು ಸಲ ಎನ್ನಿ. ಏರಿಸಿದ್ದು ಮೂರೇ ಸಲ. ಸಂಖ್ಯಾಶಾಸ್ತ್ರದ ಪ್ರಕಾರ, ಶೇ 95ರ ಭರವಸೆಯಲ್ಲಿ, ಅವನ ನಿಜವಾದ ಅಭ್ಯಾಸ ಶೇ 1ಕ್ಕಿಂತ ಕಡಿಮೆ ಇರಬಹುದು, ಶೇ 8 ದಾಟಿಯೂ ಇರಬಹುದು. ಶೇ 8 ಎಂದರೆ ನೂರಕ್ಕೂ ಹೆಚ್ಚು ಬಗೆ. ಆಗ ಗುಲಾಮರನ್ನು ಎಸೆಯುವುದು ಹೇಡಿತನ. ಅವೇ 300 ಹ್ಯಾಂಡ್‌ಗಳಲ್ಲಿ ವಿಪಿಐಪಿ 45 ಎಂದು ಬಂದಿದ್ದರೆ ತಪ್ಪುವುದು ಆಚೆಗೀಚೆಗೆ ಆರರೊಳಗೆ, ಏಕೆಂದರೆ ಅಲ್ಲಿ ಹೆಚ್ಚುಕಡಿಮೆ ಪ್ರತಿ ಹ್ಯಾಂಡೂ ಲೆಕ್ಕಕ್ಕೆ ಬರುತ್ತದೆ. ತಪ್ಪಿನ ಅಳತೆ ಅರ್ಧಕ್ಕಿಳಿಯಬೇಕಾದರೆ ದಾಖಲೆ ನಾಲ್ಕು ಪಟ್ಟು ಬೇಕು. ಅಷ್ಟರಲ್ಲಿ ಎದುರಾಳಿ ತನ್ನ ಆಟವನ್ನೇ ಬದಲಿಸಿರುತ್ತಾನೆ.

ಎದುರಾಳಿಯ ಜಾತಕ ನೋಡದೆಯೂ ಗೆಲ್ಲಬಹುದು. 2017ರ ಜನವರಿಯಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಪೋಕರ್ ಪ್ರೋಗ್ರಾಂ 1,20,000 ಹ್ಯಾಂಡ್ ಆಡಿ ನಾಲ್ವರು ವೃತ್ತಿಪರರನ್ನು ಸೋಲಿಸಿತು. ಟುಮಾಸ್ ಸ್ಯಾಂಡ್‌ಹೋಮ್ ಮತ್ತು ನೋಮ್ ಬ್ರೌನ್ ರೂಪಿಸಿದ ಆ ಪ್ರೋಗ್ರಾಂ ಎದುರಾಳಿಗಳ ದೌರ್ಬಲ್ಯ ಹುಡುಕುತ್ತ ಕೂರಲಿಲ್ಲ. ರಾತ್ರಿ ಹೊತ್ತು ತನ್ನದೇ ತಂತ್ರದ ತೂತುಗಳನ್ನು ಮುಚ್ಚಿಕೊಂಡಿತು.

ಭಾರತದಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ನಿಷೇಧಿಸಿದೆ. ಆದ್ದರಿಂದ ಕುತೂಹಲವಿದ್ದವರು ಒಂದು ಕಟ್ಟು ಇಸ್ಪೀಟು, ಕಾಗದ, ಪೆನ್ಸಿಲ್ ಹಿಡಿದು ಮನೆಯಲ್ಲೇ ಈ ಲೆಕ್ಕ ಮಾಡಿ ನೋಡಿ.