ಬಾಲದ ತುದಿಯ ಭಾರ

ಕೊರಿಯಾ ಯುದ್ಧದಲ್ಲಿ ಅಮೆರಿಕದ ಎಫ್-86 ಸೇಬರ್ ವಿಮಾನಕ್ಕೆ ಎದುರಾಳಿ ಮಿಗ್-15. ಎತ್ತರಕ್ಕೆ ಏರುವುದರಲ್ಲಿ ಮಿಗ್‌ನದೇ ಮೇಲುಗೈ. ಆ ಕೊರತೆ ತುಂಬಲು ಸೇಬರ್‌ನ ಮೆಕ್ಯಾನಿಕ್‌ಗಳು ಎಂಜಿನ್ನಿನ ಹಿಂಬದಿ ಕೊಳವೆಯೊಳಗೆ ಸಣ್ಣ ಲೋಹದ ತುಂಡುಗಳನ್ನು ಕೂರಿಸುತ್ತಿದ್ದರು. ಅವರ ಬಾಯಲ್ಲಿ ಅವು ‘ಇಲಿಗಳು’. ಬಿಸಿ ಅನಿಲ ಹೊರಹೋಗುವ ಬಾಯಿ ಕೊಂಚ ಕಿರಿದಾದರೆ ಅದೇ ವೇಗದಲ್ಲಿ ತಿರುಗಲು ಟರ್ಬೈನ್‌ಗೆ ಹೆಚ್ಚು ಇಂಧನ ಬೇಕು. ಉಷ್ಣತೆ ಏರುತ್ತದೆ, ಅದರೊಂದಿಗೆ ತಳ್ಳುಬಲವೂ ಏರುತ್ತದೆ. ಎಂಜಿನ್ನಿನ ಆಯುಷ್ಯ ಮಾತ್ರ ಕರಗುತ್ತದೆ. ಬೆರಳಗಲದ ಲೋಹದ ತುಂಡಿಗೆ ಯುದ್ಧವಿಮಾನದ ಸ್ವಭಾವವನ್ನೇ ಬದಲಿಸುವ ಶಕ್ತಿಯಿತ್ತು.

ಆದರೆ ಇಲಿಗಳನ್ನು ಬದಲಿಸಬೇಕಾದರೆ ವಿಮಾನ ನೆಲದ ಮೇಲಿರಬೇಕು. ಹಾರುವಾಗಲೇ ಆ ಬಾಯಿಯನ್ನು, ಅಂದರೆ ನಾಜಲ್ಲನ್ನು, ಹಿಗ್ಗಿಸಿ ಕುಗ್ಗಿಸುವ ಅನಿವಾರ್ಯತೆ ತಂದದ್ದು ಆಫ್ಟರ್‌ಬರ್ನರ್. ಟರ್ಬೈನ್ ದಾಟಿ ಬಂದ ಅನಿಲಕ್ಕೆ ಮತ್ತೊಮ್ಮೆ ಇಂಧನ ಸುರಿದು ಉರಿಸುವ ವ್ಯವಸ್ಥೆ ಅದು. ಆಗ ಅನಿಲದ ಉಷ್ಣತೆ ಕೆಲ್ವಿನ್ ಲೆಕ್ಕದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಒತ್ತಡ ಬದಲಾಗದೆ ಅಷ್ಟೇ ಅನಿಲ ಹೊರಹೋಗಬೇಕಾದರೆ ಬಾಯಿಯ ವಿಸ್ತೀರ್ಣ ಉಷ್ಣತೆಯ ವರ್ಗಮೂಲಕ್ಕೆ ತಕ್ಕಂತೆ, ಸುಮಾರು ಶೇ 40ರಷ್ಟು, ಹಿಗ್ಗಬೇಕು. ಹಿಗ್ಗದಿದ್ದರೆ ಒತ್ತಡ ಹಿಂದಕ್ಕೆ ನುಗ್ಗಿ ಮುಂದಿನ ಫ್ಯಾನು, ಕಂಪ್ರೆಸರ್‌ಗಳಲ್ಲಿ ಗಾಳಿಯ ಓಟವೇ ಮುರಿಯುತ್ತದೆ. ತೇಜಸ್ ಆಗಲಿ, ಸುಖೋಯ್ ಆಗಲಿ, ಹಿಂದಿನಿಂದ ನೋಡಿದರೆ ಕಾಣುವ ಲೋಹದ ಎಸಳುಗಳ ವೃತ್ತ ಇದಕ್ಕಾಗಿಯೇ ಇರುವುದು.

ತೊಡಕು ತೂಕದ್ದು. ಎಸಳುಗಳು, ಅವುಗಳ ನಡುವಿನ ಸಂದು ಮುಚ್ಚುವ ಪಟ್ಟಿಗಳು, ಕೀಲುಗಳು, ಸರಳುಗಳು, ಎಲ್ಲವನ್ನೂ ಒಟ್ಟಿಗೆ ಎಳೆಯುವ ಬಳೆ, ಆ ಬಳೆಯನ್ನು ಸರಿಸುವ ಹೈಡ್ರಾಲಿಕ್ ದಂಡಗಳು: ಇಷ್ಟೂ ವಿಮಾನದ ಕಟ್ಟಕಡೆಯ ತುದಿಯಲ್ಲಿ. ಅಲ್ಲಿ ಕೂತ ಪ್ರತಿ ಕಿಲೋ ವಿಮಾನದ ತೂಕ ಹೆಚ್ಚಿಸುವುದಷ್ಟೇ ಅಲ್ಲ, ಗುರುತ್ವಕೇಂದ್ರವನ್ನೂ ಹಿಂದಕ್ಕೆ ಎಳೆಯುತ್ತದೆ. ತೇಜಸ್‌ಗೆಂದು ಬೆಂಗಳೂರಿನ ಜಿಟಿಆರ್‌ಇ ರೂಪಿಸಿದ ಕಾವೇರಿ ಎಂಜಿನ್ನಿಗೆ 1989ರಲ್ಲಿ ಮಂಜೂರಾತಿ ಸಿಕ್ಕಿತು. ತೂಕದ ಗುರಿ 1,100 ಕೆ.ಜಿ. ಇತ್ತು, ಎಂಜಿನ್ನು 1,235 ಕೆ.ಜಿ. ತೂಗಿತು ಎಂದು ಸಿಎಜಿ ವರದಿ ದಾಖಲಿಸಿದೆ. ನಮ್ಮಲ್ಲಿ ಕಾವೇರಿಯ ಮಾತು ಬಂದಾಗಲೆಲ್ಲ ಚರ್ಚೆ ಟರ್ಬೈನ್ ಅಲಗುಗಳ ಸುತ್ತಲೇ ತಿರುಗುತ್ತದೆ. ಅದು ತಪ್ಪಲ್ಲ. ಆದರೆ ಕಿಲೋ ಕಿಲೋ ತೂಕ ಇಳಿಸಬೇಕಾದಾಗ ಬಾಲದ ತುದಿಗೂ ಅಷ್ಟೇ ಗಮನ ಸಲ್ಲಬೇಕೆಂದು ನನ್ನ ಗಟ್ಟಿ ಅಭಿಪ್ರಾಯ.

ಏಕೆಂದರೆ ಇಲ್ಲಿ ಭಾರ ಹುಟ್ಟುವುದು ಎಸಳಿನ ಲೋಹದಿಂದಷ್ಟೇ ಅಲ್ಲ, ಅನಿಲದ ಒತ್ತಡಕ್ಕೆ ಎದುರಾಗಿ ಆ ಎಸಳನ್ನು ಹಿಡಿದು ನಿಲ್ಲಿಸುವ ಹಟದಿಂದ. ಒಳ್ಳೆಯ ವಿನ್ಯಾಸಗಳೆಲ್ಲ ಆ ಹಟವನ್ನು ಬಿಟ್ಟು ಅನಿಲದಿಂದಲೇ ಕೆಲಸ ಮಾಡಿಸಿಕೊಂಡಿವೆ. ಎಫ್-15, ಎಫ್-16 ವಿಮಾನಗಳ ಎಫ್100 ಎಂಜಿನ್ನಿನಲ್ಲಿ ಎಸಳಿನ ಕೀಲು ಅದರ ಅಂಚಿನಲ್ಲಿಲ್ಲ. ಕೀಲಿನ ಮುಂದೆ ಒಂದು ಭಾಗ, ಹಿಂದೆ ಇನ್ನೊಂದು ಭಾಗ. ಎರಡರ ಮೇಲೂ ಅನಿಲ ಒತ್ತುವುದರಿಂದ ಒಂದರ ಭಾರವನ್ನು ಇನ್ನೊಂದು ಹೊರುತ್ತದೆ. ಏತದ ಕಂಬದ ಮೇಲಿನ ತೊಲೆ ಹೀಗೆಯೇ ತಾನೇ ತೂಗಿಕೊಂಡು ನೀರೆತ್ತುವವನ ಶ್ರಮ ಉಳಿಸುತ್ತಿತ್ತು. ತಳ್ಳಬೇಕಾದ ಬಲ ಕಡಿಮೆಯಾದರೆ ತಳ್ಳುವ ದಂಡವೂ ಸಣ್ಣದಾಗುತ್ತದೆ, ದಂಡವನ್ನು ಹೊರುವ ಚೌಕಟ್ಟೂ ಹಗುರವಾಗುತ್ತದೆ.

ಎಸ್‌ಆರ್-71 ಬ್ಲ್ಯಾಕ್‌ಬರ್ಡ್ ಇನ್ನೂ ಒಂದು ಹೆಜ್ಜೆ ಮುಂದೆ. ಶಬ್ದದ ಮೂರು ಪಟ್ಟು ವೇಗ ದಾಟುತ್ತಿದ್ದ ಆ ವಿಮಾನದ ಹೊರ ನಾಜಲ್‌ನ ಕೊನೆಯ ಎಸಳುಗಳಿಗೆ ಚಾಲಕ ಯಂತ್ರವೇ ಇರಲಿಲ್ಲ. ಕೀಲಿನ ಮೇಲೆ ಅವು ಸುಮ್ಮನೆ ತೇಲುತ್ತಿದ್ದವು. ಒಳಗಿನ ಅನಿಲ, ಹೊರಗಿನ ಗಾಳಿ ಎರಡರ ಒತ್ತಡ ಎಲ್ಲಿ ಸರಿದೂಗುತ್ತದೋ ಅಲ್ಲಿ ನಿಲ್ಲುತ್ತಿದ್ದವು. ಇಷ್ಟು ಧೈರ್ಯದ, ಇಷ್ಟು ಸರಳವಾದ ಪರಿಹಾರ ಯಂತ್ರವಿಜ್ಞಾನದಲ್ಲಿ ಅಪರೂಪ.

ಹೈಡ್ರಾಲಿಕ್ ಬಲ ಬೇಕೇಬೇಕು ಎನ್ನುವಲ್ಲೂ ಉಳಿತಾಯಕ್ಕೆ ದಾರಿಯಿದೆ. ತೇಜಸ್‌ನಲ್ಲಿರುವ ಎಫ್404 ಎಂಜಿನ್ನು ನಾಜಲ್ ತಳ್ಳಲು ತನ್ನದೇ ಕೀಲೆಣ್ಣೆಯನ್ನು ಬಳಸುತ್ತದೆ. ಎಫ್-35ಬಿ ವಿಮಾನದ ಕೆಳಕ್ಕೆ ಬಾಗುವ ನಾಜಲ್‌ಗೆ ವಿಮಾನದ ಇಂಧನವೇ ಹೈಡ್ರಾಲಿಕ್ ದ್ರವ. ಬೇರೆ ಎಣ್ಣೆ, ಬೇರೆ ಟ್ಯಾಂಕು ಬೇಕಿಲ್ಲ. ಅಪಾಯವೂ ಅಲ್ಲೇ ಇದೆ: ಬಿಸಿ ಬಾಲದ ಪಕ್ಕ ಅಧಿಕ ಒತ್ತಡದ ಇಂಧನ. 2013ರ ಜನವರಿಯಲ್ಲಿ ಅಂಥ ಕೊಳವೆಯೊಂದು ಕೈಕೊಟ್ಟು ಎಫ್-35ಬಿ ವಿಮಾನಗಳ ಹಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು.

ಕೆಲವೊಮ್ಮೆ ಕಳಚಿ ಹಾಕುವುದೇ ದಾರಿ. ಎಫ್-15ರ ನಾಜಲ್ ಮೇಲೆ ಗಾಳಿ ನಯವಾಗಿ ಹರಿಯಲೆಂದು ಹೊರ ಎಸಳುಗಳಿದ್ದವು. ಅವು ಹಾರಾಟದಲ್ಲಿ ಕಿತ್ತುಹೋಗುವುದು, ರಿಪೇರಿಗೆ ಬರುವುದು ನಿಲ್ಲದಿದ್ದಾಗ ಅಮೆರಿಕದ ವಾಯುಪಡೆ ಅವನ್ನು ತೆಗೆದೇಬಿಟ್ಟಿತು. ಇಂದಿಗೂ ಅದರ ಸರಳುಗಳು ಬೆತ್ತಲಾಗಿ ಕಾಣುತ್ತವೆ. ಫ್ರಾನ್ಸ್ ಬೇರೆ ಹಾದಿ ಹಿಡಿಯಿತು. ರಫೇಲ್‌ನ ಎಂ88 ಎಂಜಿನ್ನಿನ ಹೊರ ಎಸಳುಗಳು ಲೋಹದವಲ್ಲ. ಇಂಗಾಲದ ನಾರನ್ನು ಸಿಲಿಕಾನ್ ಕಾರ್ಬೈಡ್‌ನಲ್ಲಿ ಹುದುಗಿಸಿದ ಸೆರಾಮಿಕ್‌ನವು. ಲೋಹಕ್ಕಿಂತ ಹಗುರ, ಬಿಸಿಗೆ ಗಟ್ಟಿ.

ಪ್ರಯಾಣಿಕರ ವಿಮಾನಗಳಿಗೆ ಇದೆಲ್ಲ ಬೇಡವಾಗಿತ್ತು, ಇತ್ತೀಚಿನವರೆಗೆ. ಇಂಧನ ಉಳಿಸಲು ಫ್ಯಾನು ದೊಡ್ಡದಾಗುತ್ತಿದೆ, ಅದು ಗಾಳಿಗೆ ಕೊಡುವ ಒತ್ತಡ ಕಡಿಮೆಯಾಗುತ್ತಿದೆ. ಇಂಥ ಫ್ಯಾನಿಗೆ ಎತ್ತರದ ಹಾರಾಟದಲ್ಲಿ ಸರಿಹೊಂದುವ ನಾಜಲ್ ನೆಲದಿಂದ ಏಳುವಾಗ ಬಿಗಿಯಾಗುತ್ತದೆ, ಫ್ಯಾನಿನ ಅಲಗುಗಳು ಅದುರುವ ಅಂಚಿಗೆ ಬರುತ್ತವೆ. ಆಗ ಬಾಯಿ ಸ್ವಲ್ಪ ಅಗಲವಾಗಬೇಕು. ಇಂಡಿಗೊ ಹಾರಿಸುವ ಹಲವು ಎ320 ನಿಯೊಗಳಲ್ಲಿರುವ ಪ್ರಾಟ್ ಆಂಡ್ ವಿಟ್ನಿಯ ಗೇರ್ ಎಂಜಿನ್ನಿನಲ್ಲಿ ಮುಖ್ಯ ಎಂಜಿನ್ನಿನೊಳಗೆ ಹೋಗುವ ಗಾಳಿಯ ಸುಮಾರು 12 ಪಟ್ಟು ಅದರ ಹೊರಗಿಂದ ಹರಿಯುತ್ತದೆ. ಅದರಲ್ಲೂ ನಾಜಲ್ ಸ್ಥಿರವೇ. ಇದಕ್ಕಿಂತ ಮುಂದೆ ಹೋಗುವವರು ಹಿಗ್ಗುವ ನಾಜಲ್ಲಿನ ಲೆಕ್ಕ ಹಾಕಲೇಬೇಕು, ಉಳಿಸಿದ ಇಂಧನವನ್ನೆಲ್ಲ ಅದರ ತೂಕ ನುಂಗದಂತೆ ನೋಡಿಕೊಳ್ಳಲೂಬೇಕು. ಅಡ್ಡಗಾಳಿ ಚಿಮ್ಮಿಸಿ, ಯಾವ ಎಸಳೂ ಇಲ್ಲದೆ ಬಾಯಿ ಕಿರಿದಾಗಿಸುವ ಪ್ರಯೋಗಗಳನ್ನು ನಾಸಾ ಮಾಡಿದೆ. ಅದಕ್ಕೆ ಎಂಜಿನ್ನಿನಿಂದಲೇ ಗಾಳಿ ಕದಿಯಬೇಕು, ಹಾಗಾಗಿ ದುಬಾರಿ.

ನನಗೆ ಹೆಚ್ಚು ಭರವಸೆ ಇರುವುದು ನಿಟಿನಾಲ್ ಮೇಲೆ. ನಿಕಲ್ ಮತ್ತು ಟೈಟಾನಿಯಂ ಸೇರಿದ ಈ ಮಿಶ್ರಲೋಹ ಬಿಸಿಯಾದಾಗ ತನಗೆ ಕಲಿಸಿದ ಆಕಾರಕ್ಕೆ ಮರಳುತ್ತದೆ. ಬೆಂಗಳೂರಿನ ಎನ್‌ಎಎಲ್‌ನಲ್ಲೂ ಇದರ ಮೇಲೆ ಕೆಲಸ ನಡೆದಿದೆ. 2005ರಲ್ಲಿ ಬೋಯಿಂಗ್ ಕಂಪನಿ 777 ವಿಮಾನವೊಂದರ ನಾಜಲ್ ಅಂಚಿನ ಹಲ್ಲುಗಳಿಗೆ ಇದನ್ನು ಜೋಡಿಸಿ ಹಾರಿಸಿತು. ಉದ್ದೇಶ ಶಬ್ದ ತಗ್ಗಿಸುವುದು. ನೆಲದ ಬೆಚ್ಚಗಿನ ಗಾಳಿಯಲ್ಲಿ ಹಲ್ಲುಗಳು ಒಳಕ್ಕೆ ಬಾಗಿದವು, ಎತ್ತರದ ಚಳಿಯಲ್ಲಿ ನೆಟ್ಟಗಾದವು. ಮೋಟಾರಿಲ್ಲ, ಎಣ್ಣೆಯಿಲ್ಲ. ಇದೇ ಲೋಹಕ್ಕೆ ಬೆಚ್ಚಗಾದಾಗ ಹೊರಕ್ಕೆ ಬಾಗುವುದನ್ನು ಕಲಿಸಿದರೆ ನಾಜಲ್ ನೆಲದಲ್ಲಿ ಅಗಲವಾಗಿ, ಹೊರಗಿನ ಗಾಳಿ ಮೈನಸ್ 54 ಡಿಗ್ರಿ ಇರುವ 35,000 ಅಡಿ ಎತ್ತರದಲ್ಲಿ ಕಿರಿದಾಗುತ್ತದೆ. ಬೇಕಾದದ್ದೂ ಅದೇ.

ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ ಇದು ಚೆನ್ನಾಗಿ ನಡೆದೀತು. ಜನವರಿಯ ಬೆಳಗಿನಲ್ಲಿ ಲೇಹ್‌ನಿಂದ ಏಳುವ ವಿಮಾನಕ್ಕೆ ಏನು ಗತಿ? ಅಲ್ಲಿ ಶೂನ್ಯಕ್ಕಿಂತ ಕೆಳಗಿನ ಚಳಿ. ತಾನಿನ್ನೂ ನೆಲದ ಮೇಲಿದ್ದೇನೆ ಎಂಬುದು ಆ ಲೋಹಕ್ಕೆ ಗೊತ್ತಾಗುವುದಿಲ್ಲ. ಅದಕ್ಕೆಂದೇ ಪ್ರತಿ ಎಸಳಿಗೂ ಒಂದು ಸಣ್ಣ ವಿದ್ಯುತ್ ಹೀಟರ್, ಒಂದೆರಡು ತಂತಿ ಬೇಕಾಗುತ್ತದೆ. ಬೋಯಿಂಗ್‌ನ ಪರೀಕ್ಷೆಯಲ್ಲೂ ಹೀಟರ್‌ಗಳಿದ್ದವು. ಹೈಡ್ರಾಲಿಕ್ ದಂಡ, ಕೊಳವೆ, ಬಳೆಗಳ ತೂಕದ ಮುಂದೆ ಆ ತಂತಿಗಳ ತೂಕ ಲೆಕ್ಕಕ್ಕೇ ಇಲ್ಲ.